ಎರಡನೇ ಡಿಸ್ಕಿನ ಭರವಸೆ

ನಮ್ಮ ದೊಡ್ಡತ್ತೆ ಹಸೆ ಹಾಡು ಹೇಳುತ್ತ ಹೇಳುತ್ತ ನಡುವೆ ತಟ್ಟನೆ ನಿಲ್ಲಿಸಿ, “ಹಾಲು ಉಕ್ಕಿತು ನೋಡೇ” ಎಂದು ಯಾರಿಗೋ ಕೂಗುತ್ತಾರೆ. ಮರುಕ್ಷಣ ಬಿಟ್ಟ ಅಕ್ಷರಕ್ಕೇ, ಬಿಟ್ಟ ಶ್ರುತಿಗೇ ಬಂದು ಸೇರುತ್ತಾರೆ. 1988ರಲ್ಲಿ ಸಾಗರದ ಹತ್ತಿರ ನಮ್ಮ ಮನೆಯ ಮದುವೆಯ ಹಿಂದಿನ ದಿನ ತುಂಬಿಸಿಕೊಂಡ ಕ್ಯಾಸೆಟ್ಟಿನಲ್ಲಿ ಇದಿದೆ. ಅತ್ತೆ ಈಗಿಲ್ಲ. ಅಂಥ 14 ಕ್ಯಾಸೆಟ್ಟುಗಳನ್ನು ನಾನು ಕಂಪ್ಯೂಟರಿಗೆ ಇಳಿಸಿದ್ದೆ. ಒಂದು ಸಂಜೆ ‘ದೊಡ್ಡತ್ತೆ’ ಎಂಬ ಫೋಲ್ಡರ್ ತೆರೆದರೆ ಎರಡೇ ಕ್ಯಾಸೆಟ್ಟಿನ ಫೈಲುಗಳಿದ್ದವು. ಕೈ ನಡುಗುತ್ತಲೇ ಬ್ಯಾಕಪ್ ಡಿಸ್ಕ್ ಸಿಕ್ಕಿಸಿದೆ. ಅಲ್ಲೂ ಎರಡೇ.

ಮನೆಯಲ್ಲಿ ಸಂಗೀತ ಕೂಡಿಟ್ಟುಕೊಂಡಿರುವ ಹೆಚ್ಚಿನವರ ಬ್ಯಾಕಪ್ ನನ್ನದರಂತೆಯೇ ಇರುತ್ತದೆ. ಒಂದು ದೊಡ್ಡ ಹಾರ್ಡ್ ಡಿಸ್ಕ್, ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಇನ್ನೊಂದು, ಮೊದಲನೆಯದರಲ್ಲಿ ಏನಿದೆಯೋ ಎರಡನೆಯದರಲ್ಲೂ ಅದೇ ಇರುವಂತೆ ರಾತ್ರಿ ಹೊತ್ತು ಓಡುವ ಒಂದು ಪ್ರೋಗ್ರಾಂ. ಈ ಪದ್ಧತಿ ಒಂದು ಅಪಾಯಕ್ಕೆ ಚೆನ್ನಾಗಿ ಒದಗುತ್ತದೆ: ಡಿಸ್ಕ್ ಕೆಟ್ಟು ನಿಲ್ಲುವುದು. ಆದರೆ ಮನೆಯೊಳಗೆ ಹಾಡು ಕಳೆದುಹೋಗುವುದು ಡಿಸ್ಕ್ ಕೆಟ್ಟು ಮಾತ್ರವಲ್ಲ. ನಮ್ಮ ಕೈಯಿಂದಲೇ ಅಳಿಸಿಹೋಗುವುದೂ ಉಂಟು. ಅಳಿಸಿದ್ದನ್ನು ಕನ್ನಡಿಯಂಥ ಈ ಎರಡನೇ ಡಿಸ್ಕ್ ಅಷ್ಟೇ ನಿಷ್ಠೆಯಿಂದ ತೋರಿಸುತ್ತದೆ. ಎರಡು ಡಿಸ್ಕುಗಳನ್ನು ಒಂದರಂತೆ ನಡೆಸುವ ರೇಡ್ ವ್ಯವಸ್ಥೆಯದೂ ಇದೇ ಕಥೆ. ಅದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಅದನ್ನು ಬ್ಯಾಕಪ್ ಎಂದು ನಂಬಿಸಿ ಮಾರುವುದು ತಪ್ಪು.

ಬ್ಯಾಕಪ್ಪಿನ ಮಾತು ಬಂದಲ್ಲೆಲ್ಲ ಮೂರು-ಎರಡು-ಒಂದು ಎಂಬ ಸೂತ್ರ ಕೇಳಿಬರುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಡಿಜಿಟಲ್ ಚಿತ್ರಗಳನ್ನು ಕಾಪಾಡುವ ಬಗ್ಗೆ ಬರೆಯುತ್ತ ಇದನ್ನು ಜನಪ್ರಿಯಗೊಳಿಸಿದರು. ಸೂತ್ರ ಒಳ್ಳೆಯದು. ಕಳ್ಳತನ, ಬೆಂಕಿ, ಸಿಡಿಲಿಗೆ ಸುಟ್ಟುಹೋಗುವ ಅಡಾಪ್ಟರ್ ಎಲ್ಲಕ್ಕೂ ಅದರಲ್ಲಿ ಉತ್ತರವಿದೆ. ಆದರೂ ನನ್ನ ಅನುಭವದ ಮುಂದಿಟ್ಟು ನೋಡಿದಾಗ ಅದರಲ್ಲೊಂದು ಕೊರತೆ ಕಾಣುತ್ತದೆ. ಶಿವಮೊಗ್ಗದಲ್ಲಿರುವ ಅಕ್ಕನಿಗೆ ಕೇಳಲೆಂದು ಎರಡು ವರ್ಷದ ಹಿಂದೆ ಒಂದು ಡಿಸ್ಕ್ ತುಂಬಿಸಿ ಕೊಟ್ಟಿದ್ದೆ. 11 ಕ್ಯಾಸೆಟ್ಟುಗಳು ಅದರಲ್ಲಿ ಸಿಕ್ಕವು. ಹೊರಗಿನ ಪ್ರತಿ ಕಾಪಾಡಿತು ಎಂದು ಸೂತ್ರದ ಪರವಾಗಿ ಹೇಳಬಹುದು. ಆದರೆ ಆ ಡಿಸ್ಕ್ ಶಿವಮೊಗ್ಗದಲ್ಲಿದ್ದೂ ಇಂಟರ್ನೆಟ್ ಮೂಲಕ ಪ್ರತಿ ರಾತ್ರಿ ನನ್ನ ಕಂಪ್ಯೂಟರಿನೊಂದಿಗೆ ಸರಿಹೊಂದಿಸಿಕೊಳ್ಳುತ್ತಿದ್ದರೆ? ಅಲ್ಲೂ ಎರಡೇ ಉಳಿದಿರುತ್ತಿದ್ದವು. ನನ್ನನ್ನು ಕಾಪಾಡಿದ್ದು ದೂರ ಅಲ್ಲ, ಹಳತು. ಸೂತ್ರ ಜಾಗದ ಲೆಕ್ಕ ಹೇಳುತ್ತದೆ, ಕಾಲದ ಲೆಕ್ಕ ಹೇಳುವುದಿಲ್ಲ. ಹೋದ ವಾರ ಹೇಗಿತ್ತು, ಹೋದ ವರ್ಷ ಹೇಗಿತ್ತು ಎಂಬ ಹಳೆಯ ಸ್ಥಿತಿಗಳನ್ನು ಇಟ್ಟುಕೊಳ್ಳದ ಬ್ಯಾಕಪ್ ಸಂಗೀತಕ್ಕೆ ಸಾಲದು.

ಸಂಗೀತಕ್ಕೆ ಎಂದು ಒತ್ತಿ ಹೇಳಲು ಕಾರಣವಿದೆ. ಫೋಟೋ ಕೆಟ್ಟರೆ ಕಣ್ಣಾಡಿಸಿದಾಗ ಗೊತ್ತಾಗುತ್ತದೆ. ಹಾಡನ್ನು ಕೂತು ಕೇಳಬೇಕು. ನನ್ನ ಸಂಗ್ರಹ 1.4 ಟೆರಾಬೈಟ್, ದಿನಕ್ಕೆ ನಾಲ್ಕು ಗಂಟೆಯಂತೆ ಕೇಳಿದರೂ ಒಂದು ಸುತ್ತು ಮುಗಿಯಲು ಸುಮಾರು ಮೂರು ವರ್ಷ ಬೇಕು. ಅಷ್ಟರೊಳಗೆ ಹಾಳಾದ ಫೈಲು ಎಷ್ಟು ಸಲ ಒಳ್ಳೆಯ ಪ್ರತಿಯ ಮೇಲೆ ಕೂತಿರುತ್ತದೋ! ಇಲ್ಲಿ ಫ್ಲ್ಯಾಕ್ ಎಂಬ ರೂಪದ ಉಪಕಾರ ದೊಡ್ಡದು. 2001ರಲ್ಲಿ ಮೊದಲ ಆವೃತ್ತಿಯಾಗಿ ಬಂದ ಇದು ಧ್ವನಿಯ ಒಂದು ಕಣವನ್ನೂ ಬಿಡದೆ ಫೈಲನ್ನು ಚಿಕ್ಕದಾಗಿಸುತ್ತದೆ. ಜೊತೆಗೆ, ಮೂಲ ಧ್ವನಿಯ ಎಂಡಿ5 ಎಂಬ ಬೆರಳಚ್ಚನ್ನು ಫೈಲಿನ ತಲೆಭಾಗದಲ್ಲೇ ಬರೆದಿಟ್ಟುಕೊಳ್ಳುತ್ತದೆ. ಪರೀಕ್ಷಿಸು ಎಂದರೆ ಪೂರ್ತಿ ಬಿಚ್ಚಿ, ಲೆಕ್ಕ ಹಾಕಿ, ಹೊಂದುತ್ತದೋ ಇಲ್ಲವೋ ಹೇಳುತ್ತದೆ. ರಾಗದ ಹೆಸರು ತಿದ್ದಿದರೂ ಹಾಡಿದವರ ಹೆಸರು ಸೇರಿಸಿದರೂ ಈ ಬೆರಳಚ್ಚು ಬದಲಾಗುವುದಿಲ್ಲ, ಏಕೆಂದರೆ ಅದು ಧ್ವನಿಗೆ ಮಾತ್ರ ಸೇರಿದ್ದು. ಎಂಪಿ3ಯಲ್ಲಿ ಈ ಅನುಕೂಲವಿಲ್ಲ. ಮನೆಯ ಧ್ವನಿಮುದ್ರಣಗಳನ್ನು ಎಂಪಿ3 ಮಾಡಿ ಮೂಲವನ್ನು ಅಳಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ.

ಇನ್ನು ನನ್ನ ಫೋಲ್ಡರಿಗೆ ಆದದ್ದೇನು? ಇದನ್ನು ಕನ್ನಡದಲ್ಲಿ ಹೆಸರಿಡುವ ಪ್ರತಿಯೊಬ್ಬರೂ ತಿಳಿದಿರಬೇಕು. ‘ದೊಡ್ಡತ್ತೆ’ಯ ‘ದೊ’ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎತ್ವದ ಗುರುತು ಮತ್ತು ಊಕಾರದ ಗುರುತು ಎಂದು ಬಿಡಿಸಿ ಎರಡಾಗಿ. ತೆರೆಯ ಮೇಲೆ ಎರಡೂ ಒಂದೇ ‘ದೊ’. ಏತ್ವ, ಐತ್ವ, ಓತ್ವಗಳಿಗೂ ಇದೇ ಇಬ್ಬಗೆ. ಆಪಲ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ವಿಂಡೋಸಿನಲ್ಲಿ ಕೂಡಿಸಿ ಟೈಪ್ ಮಾಡಿದ್ದು ಕೂಡಿದಂತೆಯೇ ಉಳಿಯುತ್ತದೆ. ಮೊದಲ 12 ಕ್ಯಾಸೆಟ್ಟುಗಳನ್ನು ನಾನು ಹಳೆಯ ಆಪಲ್ ಲ್ಯಾಪ್‌ಟಾಪಿನಲ್ಲಿ ಇಳಿಸಿದ್ದೆ, ಕೊನೆಯ ಎರಡನ್ನು ವಿಂಡೋಸಿನಲ್ಲಿ. ಡಿಸ್ಕಿನಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಅಕ್ಕಪಕ್ಕ ನಿಂತಿದ್ದವು. ಎರಡೂ ಒಂದೇ ಇರಬೇಕೆಂದುಕೊಂಡೆ. ಒಂದನ್ನು ತೆರೆದು ಫೈಲುಗಳಿರುವುದನ್ನು ನೋಡಿ, ಎಣಿಸದೆ, ಇನ್ನೊಂದನ್ನು ಅಳಿಸಿದೆ. ಈಗ ಫೋಲ್ಡರುಗಳಿಗೆ ಅಂಕಿ ಮಾತ್ರ. ಕನ್ನಡವೆಲ್ಲ ಫೈಲಿನ ಒಳಗಿನ ಟ್ಯಾಗುಗಳಲ್ಲಿ. ನಮ್ಮ ಭಾಷೆಯ ಹೆಸರನ್ನು ಹೊರಗಿನಿಂದ ತೆಗೆಯಬೇಕಾಗಿ ಬಂದದ್ದು ನನಗೆ ನೋವಿನ ಸಂಗತಿಯೇ.

ಇಂಥದ್ದೇ ಇನ್ನೊಂದು. ಯಾವ ಕ್ಯಾಸೆಟ್ಟಿನಲ್ಲಿ ಯಾರು ಹಾಡಿದ್ದಾರೆಂಬ ಪಟ್ಟಿಯನ್ನು ಎಷ್ಟೋ ವರ್ಷದ ಹಿಂದೆ, ಯೂನಿಕೋಡ್ ಬಳಕೆಗೆ ಬರುವ ಮೊದಲು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೆ. ಫೈಲು ಒಂದಕ್ಷರವೂ ಕೆಡದೆ ಉಳಿದಿದೆ. ತೆರೆದರೆ ಕಾಣುವುದು ಕೊಂಬು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಾಲು. ಪರಿವರ್ತಕಗಳಿವೆ, ಓದಿಕೊಂಡೆ. ಆದರೆ ಇದು ನುಡಿಯ ಪಠ್ಯ ಎಂದು ಗುರುತು ಹಿಡಿಯುವವರು ಮನೆಯಲ್ಲಿ ನಾನೊಬ್ಬನೇ. ನನ್ನ ನಂತರ ಅದನ್ನು ತೆರೆದವರು ಹಾಳಾದ ಫೈಲೆಂದು ಎಸೆದುಬಿಡುತ್ತಿದ್ದರು.

ಎಲ್ಲವನ್ನೂ ಕ್ಲೌಡಿಗೆ ಹಾಕಿ ನಿಶ್ಚಿಂತೆಯಿಂದಿರಿ ಎನ್ನುವವರಿದ್ದಾರೆ. ಹೊರಗಿನ ಒಂದು ಪ್ರತಿಯಾಗಿ ಅದು ಸರಿ. ಅದೊಂದೇ ಪ್ರತಿಯಾಗಬಾರದು. ಸರ್ವರ್ ಬದಲಿಸುವಾಗ ಹನ್ನೆರಡು ವರ್ಷಗಳಷ್ಟು ಹಾಡುಗಳು ಹೋದವೆಂದು ಮೈಸ್ಪೇಸ್ ಜಾಲತಾಣ 2019ರಲ್ಲಿ ಒಪ್ಪಿಕೊಂಡಿತು. ಅದನ್ನೇ ನಂಬಿದ್ದ ಎಷ್ಟೋ ಹಾಡುಗಾರರ ಬಳಿ ಬೇರೆ ಪ್ರತಿ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ನಾನು ಸಂಗ್ರಹವನ್ನೇ ಒಡೆದೆ. ಕೊಂಡ ಸಿ.ಡಿ.ಗಳಿಂದ ಇಳಿಸಿದ ಮನ್ಸೂರ್, ಗಂಗೂಬಾಯಿ, ಕುಮಾರ ಗಂಧರ್ವರ ಹಾಡು ಹೋದರೆ ದುಃಖವಾಗುತ್ತದೆ, ಆದರೆ ಮತ್ತೆ ಸಿಗುತ್ತದೆ. ಅತ್ತೆಯ ಹಾಡು ಸಿಗುವುದಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಟೇಪುಗಳಿಗೆ ಸೂಚಿಸುವ 24 ಬಿಟ್, 96 ಕಿಲೋಹರ್ಟ್ಸ್ ಮಟ್ಟದಲ್ಲಿ ಇಳಿಸಿದರೆ 90 ನಿಮಿಷದ ಕ್ಯಾಸೆಟ್ ಸುಮಾರು 3 ಗಿಗಾಬೈಟ್. ಫ್ಲ್ಯಾಕ್ ಮಾಡಿದ ಮೇಲೆ ಮನೆಯ ಧ್ವನಿಗಳೆಲ್ಲ ಸೇರಿ 25 ಗಿಗಾಬೈಟ್ ಆದೀತು, ಇಡೀ ಸಂಗ್ರಹದ ನೂರರಲ್ಲಿ ಎರಡು ಪಾಲೂ ಅಲ್ಲ. 1.4 ಟೆರಾಬೈಟಿಗೆ ಐದು ಪ್ರತಿ ಇಡುವುದು ಮನೆಯವರ ಕೈಲಿ ಆಗದ ಮಾತು. 25 ಗಿಗಾಬೈಟಿಗೆ ಆಗುತ್ತದೆ. ಎಲ್ಲವನ್ನೂ ಸಮನಾಗಿ ಕಾಪಾಡಲು ಹೋಗುವುದೇ ನಮ್ಮ ಮನೆಗಳ ಬ್ಯಾಕಪ್ಪಿನ ದೊಡ್ಡ ದೋಷವೆಂದು ನನಗೀಗ ಅನ್ನಿಸುತ್ತದೆ. ಈಗ ಆ ಐದರಲ್ಲಿ ಎರಡು ಪ್ರತಿ ಯಾವ ಕಂಪ್ಯೂಟರಿಗೂ ಸಿಕ್ಕಿಸಿರುವುದಿಲ್ಲ. ಒಂದನ್ನು ವರ್ಷಕ್ಕೊಮ್ಮೆ ಹೊಸದು ಮಾಡುತ್ತೇನೆ, ಹಳೆಯದನ್ನು ಅಳಿಸುವುದಿಲ್ಲ.

ಲೆಕ್ಕ ತಪ್ಪಿದ ಆ ಒಂದು ಕ್ಯಾಸೆಟ್ಟಿನ ಟೇಪು ಅಟ್ಟದ ಟ್ರಂಕಿನಲ್ಲಿತ್ತು. ಮಲೆನಾಡಿನ ಮಳೆಗಾಲಗಳು ಅದಕ್ಕೆ ಬೂಷ್ಟು ಹಿಡಿಸಿವೆ, ಸುರುಳಿ ಅಂಟಿಕೊಂಡಿದೆ. ತಿಳಿದವರ ಕೈಗೆ ಕೊಡುವವರೆಗೆ ತಿರುಗಿಸಲು ಹೋಗಿಲ್ಲ.

ಯುಗಾದಿಗೆ ಅಕ್ಕನ ಮನೆಯ ಡಿಸ್ಕಿನಿಂದ ಒಂದು ಫೈಲು ತೆಗೆಸಿ ಬೆರಳಚ್ಚು ಹೊಂದಿಸಿ ನೋಡಿದೆ, ಸರಿಯಿತ್ತು. ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಕೇಳಿದೆವು. ಅತ್ತೆಯೊಂದಿಗೆ ಇನ್ನೆರಡು ದನಿಗಳಿವೆ. ಒಂದು ಪಕ್ಕದ ಮನೆಯ ಸಾವಿತ್ರಕ್ಕನದು ಎಂದು ಅಮ್ಮ ಮೊದಲ ಸಾಲಿಗೇ ಹೇಳಿದರು. ಇನ್ನೊಂದು ಗುರುತು ಸಿಗಲಿಲ್ಲ. ಆ ಟ್ಯಾಗನ್ನು ಖಾಲಿ ಬಿಟ್ಟಿದ್ದೇನೆ. ದಸರಾಕ್ಕೆ ಊರಿಗೆ ಹೋದಾಗ ಸಾವಿತ್ರಕ್ಕನನ್ನೇ ಕೇಳಬೇಕು.