ಹೇಳಿ ಮಾಡಿಸಿದ ಕನ್ನಡಿ

ಮೊದಲು ಕಣ್ಣಿನ ರೆಪ್ಪೆ, ಕೆನ್ನೆಯ ಮೇಲಿನ ಬೆಳಕು, ಆಮೇಲೆ ಮುಖ, ಎಲ್ಲಕ್ಕಿಂತ ಕೊನೆಗೆ ಹಿಂದಿನ ಗುಡ್ಡ, ಮರ. ಗಾಜಿನ ಬೆನ್ನಿಗೆ ಚಿತ್ರ ಬರೆಯುವವರ ಕ್ರಮ ಇದು. ಕಾಗದದಲ್ಲಿ ಕೊನೆಗೆ ಇಡುವ ಚುಕ್ಕೆಯನ್ನು ಇಲ್ಲಿ ಮೊದಲೇ ಇಡಬೇಕು. ಎಡ ಬಲವಾಗುವುದನ್ನೂ ಲೆಕ್ಕ ಹಾಕಬೇಕು. ಮೇಲೊಂದು ಬಣ್ಣ ಬಿತ್ತೋ, ರೆಪ್ಪೆಯನ್ನು ತಿದ್ದುವಂತಿಲ್ಲ. ತಪ್ಪಾದರೆ ಡಸ್ಟರಿನಿಂದ ಒರೆಸಿ ಬರೆಯುತ್ತಲೇ ಇಷ್ಟು ವರ್ಷ ಪಾಠ ಹೇಳಿದ ನನಗೆ ಇದನ್ನು ನೆನೆದರೇ ಎದೆ ಝಲ್ಲೆನ್ನುತ್ತದೆ.

ನಮ್ಮ ಮೈಸೂರು ಕಡೆಯ ಹಳೆಯ ಮನೆಗಳಲ್ಲಿ ಗಾಜಿನ ಬೆಣ್ಣೆಕೃಷ್ಣನ ಪಟ ನೋಡಿದವರುಂಟು. ಆ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು ಚೀನಾದ ವ್ಯಾಪಾರದ ದಾರಿಯಲ್ಲಿ. ಅಲ್ಲಿನ ಕ್ಯಾಂಟನ್, ಅಂದರೆ ಇಂದಿನ ಗುವಾಂಗ್‌ಝೌ, ಹದಿನೆಂಟನೆಯ ಶತಮಾನದಲ್ಲಿ ಇದಕ್ಕೆ ಹೆಸರಾಗಿತ್ತು. ದೊಡ್ಡ ಕನ್ನಡಿಗಳು ಯುರೋಪಿನಿಂದಲೇ ಹಡಗಿನಲ್ಲಿ ಬರುತ್ತಿದ್ದವು. ಬೆನ್ನಿಗಿದ್ದ ತವರ-ಪಾದರಸದ ಲೇಪವನ್ನು ಬೇಕಾದಷ್ಟೇ ಕೆರೆದು, ಆ ಜಾಗದಲ್ಲಿ ಚಿತ್ರ ಬರೆದು, ಮತ್ತೆ ಹಡಗು ಹತ್ತಿಸುತ್ತಿದ್ದರು. ಇಂಗ್ಲೆಂಡಿನ ಸಿರಿವಂತರು ಚಿನ್ನದ ಮುಲಾಮಿನ ಚೌಕಟ್ಟು ಹಾಕಿಸಿ ಗೋಡೆಗೇರಿಸುತ್ತಿದ್ದರು.

ಇವನ್ನು ರಫ್ತಿನ ಮಾಲು ಎಂದು ಪಕ್ಕಕ್ಕೆ ಸರಿಸುವವರಿದ್ದಾರೆ. ಗಿರಾಕಿ ಕೇಳಿದ್ದನ್ನು ಬರೆದುಕೊಟ್ಟವನು ಕಲಾವಿದನೇ ಎಂಬುದು ಅವರ ಪ್ರಶ್ನೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಯುರೋಪಿನ ಅಚ್ಚುಚಿತ್ರಗಳನ್ನು ಮುಂದಿಟ್ಟುಕೊಂಡು ನಕಲು ಮಾಡಿದ ಎಷ್ಟೋ ಚಿತ್ರಗಳಲ್ಲಿ ಬಿಳಿಯ ಹೆಂಗಸರಿಗೆ ಬೊಂಬೆಯ ಮುಖ. ಪುಸ್ತಕದಲ್ಲಿ ಅಂಥವುಗಳ ಫೋಟೋ ನೋಡಿ ನಾನೂ ನಕ್ಕವಳೇ. ಆಮೇಲೆ ತಿಳಿಯಿತು: 1757ರಿಂದ 1842ರವರೆಗೆ, ಪಶ್ಚಿಮದ ಹಡಗು ವ್ಯಾಪಾರವನ್ನು ಕ್ಯಾಂಟನ್ನಿಗೇ ಕಟ್ಟಿಹಾಕಿದ್ದ ಕಾಲದಲ್ಲಿ, ಯುರೋಪಿನ ಗಂಡಸರಿಗಷ್ಟೇ ಅಲ್ಲಿ ಪ್ರವೇಶ, ಹೆಂಗಸರು ಬರುವಂತಿರಲಿಲ್ಲ. ಕಣ್ಣಾರೆ ಕಾಣದ ಹೆಣ್ಣಿನ ರೆಪ್ಪೆಯನ್ನು, ತಿದ್ದಲಾಗದ ಕಡೆ, ಮೊಟ್ಟಮೊದಲು ಬರೆಯಬೇಕಿತ್ತು ಆತ. ನನ್ನ ನಗು ಅಲ್ಲಿಗೇ ನಿಂತಿತು.

ಆತ ತನ್ನ ಕಣ್ಣಿಗೆ ಕಂಡದ್ದನ್ನು ಬರೆದ ಚಿತ್ರಗಳ ಮಾತೇ ಬೇರೆ. ನೀರಿನಂಚಿನ ಹಕ್ಕಿಗಳು, ತೂಕಕ್ಕೆ ಬಾಗಿದ ಹೂಗಳು, ಸಡಿಲವಾದ ರೇಷ್ಮೆಯುಡುಗೆಯಲ್ಲಿ ಕುಳಿತ ಹೆಂಗಸರು. ಅಲ್ಲಿ ಕೈ ಹೆದರಿಲ್ಲ. ಇಂಥ ಕನ್ನಡಿಗಳಲ್ಲಿ ಎಷ್ಟೋ ಸಲ ಚಿತ್ರ ಕೆಳಭಾಗಕ್ಕಷ್ಟೇ; ಆಕಾಶದ ಜಾಗದಲ್ಲಿ ಪಾದರಸವನ್ನು ಕೆರೆಯದೆ ಹಾಗೇ ಬಿಟ್ಟಿರುತ್ತಾರೆ. ಅದರ ಮುಂದೆ ನಿಂತ ಲಂಡನ್ನಿನ ಹೆಂಗಸಿನ ಮುಖ ಚೀನಾದ ಹೊಳೆಯ ಮೇಲಿನ ಆಕಾಶದಲ್ಲಿ ಮೂಡುತ್ತಿತ್ತು. ಕಾಲಿಡಗೊಡದ ಊರಿಗೆ ಅವಳು ಹೀಗಾದರೂ ಹೋಗಿಬಂದಳು. ಆ ಜಾಗ ಅವಳಿಗೆಂದು ಬಿಟ್ಟವನು ಹೆಸರು ಬರೆಯದ ಒಬ್ಬ ಕಸಬುದಾರ. ಈ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಸಹಿಯೇ ಇಲ್ಲ.

ಬೇರೆಯವರ ಅಳತೆಗೆ ರವಿಕೆ ಹೊಲಿಯುವವರು, ಬೇರೆಯವರ ಮದುವೆಗೆ ರಂಗೋಲಿ ಹಾಕುವವರು ನಮ್ಮ ನಡುವೆ ಎಷ್ಟು ಜನ! ಅಳತೆ ಅವರದು ನಿಜ, ಕೈ ಯಾರದು? ವಿಮರ್ಶಕರು ‘ಹೇಳಿ ಮಾಡಿಸಿದ್ದು’ ಎಂದು ಮೂಗು ಮುರಿಯಲಿ. ನಮ್ಮ ಮನೆಗಳಲ್ಲಿ ಒಂದು ವಸ್ತು ತೀರಾ ಒಪ್ಪುವಂತಿದ್ದರೆ ನಾವು ಹೇಳುವ ಮಾತೇ ಅದು: ಹೇಳಿ ಮಾಡಿಸಿದ ಹಾಗಿದೆ.