‘ಸಿನ್ಸ್’, ‘ಫಾರ್’ ಮತ್ತು ನಮ್ಮ ‘ಇಂದ’

ಕನ್ನಡಿಗರ ಇಂಗ್ಲಿಷಿನಲ್ಲಿ ತಪ್ಪು ಹುಡುಕಹೊರಟವರಿಗೆ ಮೊದಲು ಸಿಕ್ಕುವ ವಾಕ್ಯವೊಂದಿದೆ: ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್.’ ಶಾಲೆಯ ಮೇಷ್ಟರು ಇದರ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ. ವ್ಯಾಕರಣದ ಗೈಡುಗಳು ಇದನ್ನು ‘ಸಾಮಾನ್ಯ ದೋಷಗಳು’ ಎಂಬ ಅಧ್ಯಾಯಕ್ಕೆ ಸೇರಿಸುತ್ತವೆ. ಕಾನ್ವೆಂಟಿನಲ್ಲಿ ಕಲಿತವರು ಕೇಳಿ ಮುಗುಳ್ನಗುತ್ತಾರೆ. ಇದು ತಪ್ಪೆಂಬುದು ನಿಜವೇ. ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’ ಎನ್ನುವುದೇ ಅಲ್ಲಿಯ ರೂಢಿ. ಆದರೆ ಇದೇ ತಪ್ಪಿನ ಇನ್ನೊಂದು ಮುಖವನ್ನು, ಎಂದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ನಮ್ಮ ಅನುವಾದಕರು ಮಾಡುವ ತಪ್ಪನ್ನು, ಕಂಡು ನಗುವವರೂ ಇಲ್ಲ, ತಿದ್ದುವವರೂ ಇಲ್ಲ. ಈ ಎರಡನ್ನೂ ಒಟ್ಟಿಗೆ ನೋಡಬೇಕೆಂಬುದು ನನ್ನ ಆಸೆ.

ಕನ್ನಡದಲ್ಲಿ ನಾವು ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ. ‘ನಾಲ್ಕು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಮೊದಲನೆಯದು ಕಾಲದ ಒಂದು ಬಿಂದು. ಎರಡನೆಯದು ಕಾಲದ ಒಂದು ಉದ್ದ. ಎರಡಕ್ಕೂ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷು ಇವೆರಡನ್ನು ಬೇರ್ಪಡಿಸಿ, ಬಿಂದುವಿಗೆ ‘ಸಿನ್ಸ್’, ಉದ್ದಕ್ಕೆ ‘ಫಾರ್’ ಎಂದು ಹಂಚಿಕೊಟ್ಟಿದೆ. ನಮ್ಮ ಹುಡುಗನಿಗೆ ಈ ಹಂಚಿಕೆ ತಿಳಿಯದು. ಒಂದು ಪ್ರತ್ಯಯಕ್ಕೆ ಒಂದು ಪದವೆಂದು ‘ಸಿನ್ಸ್’ ಹಾಕಿಬಿಡುತ್ತಾನೆ. ಇದು ಕನ್ನಡಿಗನ ದಡ್ಡತನವೆಂದು ಯಾರೂ ಭಾವಿಸಬೇಕಾಗಿಲ್ಲ. ಹಿಂದಿಯವರ ‘ಸೇ’, ಫ್ರೆಂಚರ ‘ದಪ್ವಿ’, ಜರ್ಮನರ ‘ಸೈಟ್’ ಇವೆಲ್ಲ ನಮ್ಮ ‘ಇಂದ’ದ ಹಾಗೆಯೇ ಎರಡು ಕೆಲಸವನ್ನೂ ಮಾಡುತ್ತವೆ, ಅವುಗಳ ಜೊತೆಗೆ ಬರುವ ಕ್ರಿಯಾಪದವೂ ಸಾಮಾನ್ಯವಾಗಿ ವರ್ತಮಾನದಲ್ಲೇ ಇರುತ್ತದೆ. ಈ ಪಂಕ್ತಿಯಲ್ಲಿ ಬೇರೆಯಾಗಿ ಕುಳಿತಿರುವುದು ಇಂಗ್ಲಿಷೇ ಹೊರತು ಕನ್ನಡವಲ್ಲ.

ಇನ್ನು ಕ್ರಿಯಾಪದದ ಮಾತು. ಇಂಗ್ಲಿಷಿನ ಪರ್ಫೆಕ್ಟ್ ಟೆನ್ಸನ್ನು ಭೂತಕಾಲದ ಒಂದು ಬಗೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಡೆನ್ಮಾರ್ಕಿನ ವಿದ್ವಾಂಸ ಓಟೊ ಯೆಸ್ಪರ್ಸನ್ 1924ರಲ್ಲಿ ಪ್ರಕಟವಾದ ‘ದಿ ಫಿಲಾಸಫಿ ಆಫ್ ಗ್ರಾಮರ್’ ಎಂಬ ತನ್ನ ಗ್ರಂಥದಲ್ಲಿ ಅದನ್ನು ವರ್ತಮಾನದ ಪಂಗಡಕ್ಕೇ ಸೇರಿಸಿದ್ದಾನೆ. ಅದು ಹಿಂದಕ್ಕೆ ತಿರುಗಿ ನೋಡುವ ವರ್ತಮಾನ ಎಂಬುದು ಅವನ ಅಭಿಪ್ರಾಯ. ‘ಐ ಲಿವ್ಡ್ ದೇರ್ ಫಾರ್ ಟೆನ್ ಇಯರ್ಸ್’ ಎಂದರೆ ಹತ್ತು ವರ್ಷ ಅಲ್ಲಿದ್ದೆ, ಈಗ ಇಲ್ಲ ಎಂದಾಯಿತು. ‘ಹ್ಯಾವ್’ ಒಂದನ್ನು ಸೇರಿಸಿ ‘ಹಿಯರ್’ ಎಂದರೆ ಆ ಹತ್ತು ವರ್ಷ ಈ ಕ್ಷಣದವರೆಗೂ ಬಂದು ಮುಟ್ಟುತ್ತದೆ. ‘ಫಾರ್’ ಎರಡು ವಾಕ್ಯಗಳಲ್ಲಿಯೂ ಇದೆ. ಅದು ಅಳತೆಯ ಕೋಲು ಮಾತ್ರ. ಹಿಂದಣ ಕಾಲವನ್ನು ಇಂದಿಗೆ ಕಟ್ಟುವ ಹಗ್ಗ ಕ್ರಿಯಾಪದದಲ್ಲಿದೆ.

ಕನ್ನಡದಲ್ಲಿ ಈ ಹಗ್ಗ ಇರುವುದು ಎಲ್ಲಿ? ‘ಹತ್ತು ವರ್ಷ ಅಲ್ಲಿದ್ದೆ’, ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎಂಬ ಎರಡು ವಾಕ್ಯಗಳನ್ನು ವಾಚಕರು ಪಕ್ಕಪಕ್ಕದಲ್ಲಿಟ್ಟು ನೋಡಲಿ. ‘ಇದ್ದೇನೆ’ ಎಂಬುದು ಬರಿಯ ವರ್ತಮಾನ. ಹಿಂದಣ ಕಾಲವನ್ನು ಎಳೆದು ತಂದು ಇಂದಿಗೆ ಕಟ್ಟಿರುವುದು ‘ಇಂದ’ ಎಂಬ ಪ್ರತ್ಯಯ. ಇಂಗ್ಲಿಷಿನಲ್ಲಿ ಕ್ರಿಯಾಪದ ಹೊರುವ ಭಾರವನ್ನು ಕನ್ನಡದಲ್ಲಿ ನಾಮಪದದ ಬಾಲ ಹೊರುತ್ತದೆ. ಹೀಗೆ ಕೆಲಸ ಒಂದೇ ಆದರೂ ಆಳು ಬೇರೆ. ಈ ಒಂದು ಮಾತನ್ನು ತರಗತಿಯಲ್ಲಿ ಬಿಡಿಸಿ ಹೇಳಿದರೆ ವರ್ಷಗಟ್ಟಲೆ ಕೆಂಪು ಗೆರೆ ಎಳೆಯುವ ಶ್ರಮ ಬಹುಮಟ್ಟಿಗೆ ತಪ್ಪುತ್ತದೆಂದು ನನ್ನ ನಂಬಿಕೆ.

ಈಗ ಅನುವಾದದ ಕಡೆಗೆ ಬರೋಣ. ಕಥೆಯೊಂದರಲ್ಲಿ ಈ ಮಾತು ಬಂದಿದೆಯೆಂದು ಭಾವಿಸಿಕೊಳ್ಳಿ: ‘ಷಿ ಹ್ಯಾಸ್ ವೇಟೆಡ್ ಫಾರ್ ಹಿಮ್ ಫಾರ್ ಟ್ವೆಲ್ವ್ ಇಯರ್ಸ್.’ ಅನುವಾದಕ ಪದಕ್ಕೆ ಪದವಿಟ್ಟು, ‘ಅವಳು ಅವನಿಗಾಗಿ ಹನ್ನೆರಡು ವರ್ಷಗಳ ಕಾಲ ಕಾದಿದ್ದಾಳೆ’ ಎಂದು ಬರೆಯುತ್ತಾನೆ. ಪ್ರತಿಯೊಂದು ಪದಕ್ಕೂ ಲೆಕ್ಕ ಸರಿಯಾಗಿದೆ. ಆದರೆ ಕನ್ನಡದ ಓದುಗನಿಗೆ ಇದರಿಂದ ಆಗುವ ಅರ್ಥವೇನು? ಕಾದದ್ದು ಮುಗಿಯಿತು, ಒಂದೋ ಅವನು ಬಂದ, ಇಲ್ಲವೇ ಅವಳು ಆಸೆ ಬಿಟ್ಟಳು. ‘ಹನ್ನೆರಡು ವರ್ಷದಿಂದ ಕಾಯುತ್ತಿದ್ದಾಳೆ’ ಎಂದಿದ್ದರೆ ಅವಳು ಇನ್ನೂ ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ಪ್ರತ್ಯಯ ಬಿಟ್ಟುಹೋದದ್ದರಿಂದ ಒಬ್ಬ ಹೆಂಗಸಿನ ಕಾಯುವಿಕೆಯೇ ಕೊನೆಗೊಂಡಿತು. ಇದನ್ನು ಸಣ್ಣ ವ್ಯಾಕರಣದೋಷವೆಂದು ತಳ್ಳಿಹಾಕುವುದು ಹೇಗೆ?

ಇಂಗ್ಲಿಷ್ ವಾಕ್ಯವೂ ಪೂರ್ಣ ನಿಸ್ಸಂದಿಗ್ಧವೇನಲ್ಲ ಎಂಬುದನ್ನು ಒಪ್ಪಬೇಕು. ‘ಹೀ ಹ್ಯಾಸ್ ಲಿವ್ಡ್ ಇನ್ ಧಾರವಾಡ್ ಫಾರ್ ಟೆನ್ ಇಯರ್ಸ್’ ಎಂದರೆ ಈಗಲೂ ಅಲ್ಲಿದ್ದಾನೆಂದೂ ಆಗಬಹುದು. ಬಾಳಿನಲ್ಲಿ ಯಾವಾಗಲೋ ಹತ್ತು ವರ್ಷ ಅಲ್ಲಿದ್ದ ಅನುಭವವಿದೆಯೆಂದೂ ಆಗಬಹುದು. ‘ಫಾರ್ ಟೆನ್ ಇಯರ್ಸ್’ ಎಂಬುದನ್ನು ವಾಕ್ಯದ ಮೊದಲಿಗೆ ತಂದರೆ ಸಂದೇಹ ಕಳೆದು ಮೊದಲ ಅರ್ಥವೇ ನಿಲ್ಲುತ್ತದೆ. ಕನ್ನಡದಲ್ಲಿ ಇಂಥ ತೂಗುಯ್ಯಾಲೆಗೆ ಎಡೆಯಿಲ್ಲ. ‘ಹತ್ತು ವರ್ಷದಿಂದ ಧಾರವಾಡದಲ್ಲಿದ್ದಾನೆ’, ‘ಧಾರವಾಡದಲ್ಲಿ ಹತ್ತು ವರ್ಷ ಇದ್ದವನು’ ಎಂಬೆರಡು ಮಾತುಗಳಲ್ಲಿ ಒಂದನ್ನು ಆರಿಸಲೇಬೇಕು. ಆರಿಸಬೇಕಾದರೆ ಅನುವಾದಕ ಕಥೆಯನ್ನು ತಿಳಿದಿರಬೇಕು. ನಿಘಂಟು ಇಲ್ಲಿ ನೆರವಾಗದು.

ನಿಷೇಧದ ಮಾತಿನಲ್ಲಂತೂ ನಮ್ಮ ನುಡಿಕಟ್ಟು ತೀರ ಬೇರೆ. ‘ಐ ಹ್ಯಾವ್ ನಾಟ್ ಸೀನ್ ಹಿಮ್ ಫಾರ್ ಟೆನ್ ಇಯರ್ಸ್’ ಎಂಬುದನ್ನು ‘ನಾನು ಅವನನ್ನು ಹತ್ತು ವರ್ಷಗಳವರೆಗೆ ನೋಡಿಲ್ಲ’ ಎಂದು ಅಚ್ಚಿನಲ್ಲಿ ಕಂಡಾಗ ನನಗೆ ಮೈಯುರಿಯುತ್ತದೆ. ಮನೆಯಲ್ಲಿ ನಮ್ಮ ಅಜ್ಜಿ ಏನೆನ್ನುತ್ತಿದ್ದರು? ‘ಅವನನ್ನು ನೋಡಿ ಹತ್ತು ವರ್ಷವಾಯಿತು.’ ಇಲ್ಲಿ ‘ಇಲ್ಲ’ ಎಂಬ ಪದವೇ ಇಲ್ಲ. ನೋಡದೆ ಇದ್ದ ಹತ್ತು ವರ್ಷದ ಭಾರ ಮಾತ್ರ ಪೂರ್ತಿಯಾಗಿದೆ.

‘ಹ್ಯಾಸ್ ಬೀನ್ ಟು’, ‘ಹ್ಯಾಸ್ ಗಾನ್ ಟು’ ಎಂಬ ಜೋಡಿಯನ್ನೂ ನೋಡಬೇಕು. ‘ಟು’ ಚಲನೆಯನ್ನು ಹೇಳುವ ಪದ. ‘ಬಿ’ ಇದ್ದಲ್ಲೇ ಇರುವ ಧಾತು. ‘ಐ ಆಮ್ ಟು ಲಂಡನ್’ ಎಂದು ಯಾರೂ ಹೇಳರು. ಆದರೆ ಪರ್ಫೆಕ್ಟಿನಲ್ಲಿ ಮಾತ್ರ ಇವೆರಡೂ ಕೂಡಿ, ಹೋಗಿ ಹಿಂದಿರುಗಿದ ಅರ್ಥವನ್ನು ಕೊಡುತ್ತವೆ. ಕನ್ನಡದ ‘ಹೋಗಿಬಂದಿದ್ದಾರೆ’ ಎಂಬುದು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಅದನ್ನು ಬಿಟ್ಟು ‘ನಮ್ಮ ಮಾವನವರು ಕಾಶಿಗೆ ಹೋಗಿದ್ದಾರೆ’ ಎಂದು ಅನುವಾದಿಸಿದರೆ, ಮಾವನವರು ಇನ್ನೂ ಹಿಂದಿರುಗಿಲ್ಲವೆಂದಾಗುತ್ತದೆ. ಕಾಶಿಯ ವಿಷಯದಲ್ಲಿ ಈ ಸಂದೇಹ ಅಷ್ಟು ಶುಭವಲ್ಲ.

ಇದಕ್ಕೆ ವಿರುದ್ಧವಾದ ಸ್ವಾತಂತ್ರ್ಯವೂ ಕನ್ನಡಕ್ಕೆ ಉಂಟು. ‘ಈ ಪುಸ್ತಕ 1921ರಲ್ಲಿ ಅಚ್ಚಾಗಿದೆ’ ಎಂದು ನಾವು ಧಾರಾಳವಾಗಿ ಬರೆಯಬಹುದು. ಇಂಗ್ಲಿಷಿನಲ್ಲಿ ಮುಗಿದುಹೋದ ಕಾಲದ ಹೆಸರೆತ್ತಿದೊಡನೆ ಪರ್ಫೆಕ್ಟ್ ಹಿಂದೆ ಸರಿದು ‘ವಾಸ್ ಪ್ರಿಂಟೆಡ್’ ಎನ್ನಬೇಕಾಗುತ್ತದೆ. ಬೆಳಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ಕಂಡವನು ‘ರಾತ್ರಿ ಮಳೆ ಬಂದಿದೆ’ ಎನ್ನುತ್ತಾನೆ. ರಾತ್ರಿ ಎಚ್ಚರವಾಗಿದ್ದು ಮಳೆಯ ಸದ್ದು ಕೇಳಿದವನು ‘ರಾತ್ರಿ ಮಳೆ ಬಂತು’ ಎನ್ನುತ್ತಾನೆ. ಕಂಡ ಗುರುತಿನಿಂದ ಊಹಿಸಿದ್ದು ಒಂದು, ತಾನೇ ಅನುಭವಿಸಿದ್ದು ಇನ್ನೊಂದು. ಇಂಗ್ಲಿಷ್ ಇವೆರಡನ್ನೂ ‘ಇಟ್ ರೇನ್ಡ್ ಲಾಸ್ಟ್ ನೈಟ್’ ಎಂಬ ಒಂದೇ ವಾಕ್ಯದಲ್ಲಿ ಮುಗಿಸುತ್ತದೆ. ಹಾಗಾದರೆ ಬಡವರು ಯಾರು?

‘ಬಂದಿದೆ’ ಎಂಬುದರಲ್ಲಿ ‘ಬಂದು’ ಮತ್ತು ‘ಇದೆ’ ಎರಡೂ ಇವೆ. ಬಂದದ್ದು ಇಲ್ಲಿ ಉಳಿದುಕೊಂಡಿದೆ. ಹಳೆಯ ಇಂಗ್ಲಿಷಿಗೂ ಈ ದಾರಿ ಗೊತ್ತಿತ್ತು. 1611ರ ಬೈಬಲ್ ಅನುವಾದದಲ್ಲಿ ‘ಹ್ಯಾಸ್ ಕಮ್’ ಎನ್ನಬೇಕಾದಲ್ಲಿ ‘ಈಸ್ ಕಮ್’ ಎಂಬ ಪ್ರಯೋಗ ಹೇರಳವಾಗಿದೆ. ಬರಬರುತ್ತ ಇಂಗ್ಲಿಷರು ‘ಇರು’ವನ್ನು ಬಿಟ್ಟು ‘ಹ್ಯಾವ್’ ಎಂಬ ಒಡೆತನದ ಧಾತುವಿಗೆ ಒಲಿದರು. ನಾವು ‘ಇರು’ವಿನಲ್ಲಿಯೇ ಉಳಿದೆವು.

‘ಸಿನ್ಸ್ ಟೆನ್ ಇಯರ್ಸ್’ ನಮ್ಮ ಮಣ್ಣಿನ ಇಂಗ್ಲಿಷು, ಹಾಗೆಯೇ ಇರಲಿ ಎನ್ನುವವರು ಈಚೆಗೆ ಹೆಚ್ಚುತ್ತಿದ್ದಾರೆ. ಕಥೆಯ ಪಾತ್ರವೊಂದರ ಬಾಯಲ್ಲಿ ಅದು ಒಪ್ಪೀತು. ಅರ್ಜಿಯಲ್ಲಿ, ಪ್ರಬಂಧದಲ್ಲಿ ನಾನು ಒಪ್ಪಲಾರೆ. ಪರರ ಮನೆಗೆ ಹೋದಾಗ ಅವರ ರೀತಿಯನ್ನು ಗೌರವಿಸಬೇಕು. ಆದರೆ ಅದೇ ಸೌಜನ್ಯವನ್ನು ನಮ್ಮ ಮನೆಗೂ ತೋರಿಸಬೇಡವೆ? ಪರ್ಫೆಕ್ಟ್ ಟೆನ್ಸ್ ಎದುರಾದಾಗಲೆಲ್ಲ ಅನುವಾದಕ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಮುಗಿಯಿತೆ, ಇನ್ನೂ ಇದೆಯೆ? ಇನ್ನೂ ಇದ್ದರೆ ‘ಕಾಲ’, ‘ವರೆಗೆ’ ಎಂಬ ಊರುಗೋಲುಗಳನ್ನು ಬಿಸಾಡಿ ‘ಇಂದ’ವನ್ನು ಕರೆಯಲಿ. ಆ ಪುಟ್ಟ ಪ್ರತ್ಯಯ ತನ್ನ ಕೆಲಸವನ್ನು ಚೆನ್ನಾಗಿ ಬಲ್ಲದು.