ಹೊರಗೆ ನಿಂತ ಸೇವಕಿ, ಒಳಗೆ ಬಂದ ಸೇವಕಿ
ಆರ್ತೆಮಿಸಿಯಾ ಜೆಂತಿಲೆಸ್ಕಿಯ ‘ಹೋಲೋಫರ್ನೆಸನ ಶಿರಶ್ಛೇದ’ವನ್ನು ಕಲಾವಿದೆಯ ಬಾಳಿನ ಮೂಲಕವೇ ಓದುವ ರೂಢಿ ಬಲವಾಗಿದೆ. ಅಗೊಸ್ತಿನೊ ತಾಸ್ಸಿ ಎಸಗಿದ ಅತ್ಯಾಚಾರ, 1612ರಲ್ಲಿ ರೋಮಿನ ವಿಚಾರಣೆಯಲ್ಲಿ ಬೆರಳುಗಳಿಗೆ ಹುರಿ ಬಿಗಿದು ಪಡೆದ ಆಕೆಯ ಸಾಕ್ಷ್ಯ, ಇವೆಲ್ಲ ಆ ಕಾಲದ ಕಟು ಸತ್ಯಗಳೇ. ಆದರೆ ಚಿತ್ರವನ್ನು ಒಬ್ಬಳ ಸೇಡೆಂದಷ್ಟೇ ಕಂಡರೆ ಅದರೊಳಗಿನ ಎರಡನೆಯ ಹೆಣ್ಣು ಕಣ್ಮರೆಯಾಗುತ್ತಾಳೆ.

ಜೂಡಿತ್ ಗ್ರಂಥದಲ್ಲಿ ಸೇವಕಿ ಶಯನಗೃಹದ ಹೊರಗೆ ಕಾಯುತ್ತಾಳೆ. ಮುತ್ತಿಗೆಗೆ ಸಿಕ್ಕ ಬೆತೂಲಿಯಾದ ವಿಧವೆ ಜೂಡಿತ್ ಒಬ್ಬಳೇ ಎರಡು ಹೊಡೆತಗಳಲ್ಲಿ ಶತ್ರು ಸೇನಾಪತಿಯ ತಲೆ ಕಡಿಯುತ್ತಾಳೆ. 1599ರ ಸುಮಾರಿಗೆ ಕಾರವಾಜ್ಜೊ ಸೇವಕಿಯನ್ನು ಒಳಗೆ ತಂದನಾದರೂ ಆಕೆ ಬಟ್ಟೆ ಹಿಡಿದು ನೋಡುತ್ತ ನಿಂತ ಮುದುಕಿ. ಅವನ ಜೂಡಿತ್ ಕೂಡ ತನ್ನ ಕೃತ್ಯದಿಂದ ಹಿಂದೆ ಸರಿದಂತಿದ್ದಾಳೆ. ಆರ್ತೆಮಿಸಿಯಾಳ ನೇಪಲ್ಸಿನ ಚಿತ್ರದಲ್ಲೂ 1620ರ ಸುಮಾರಿನ ಉಫೀಜಿಯ ಚಿತ್ರದಲ್ಲೂ ಸೇವಕಿ ತರುಣಿ. ಮೈಭಾರವನ್ನೆಲ್ಲ ಹಾಕಿ ಅವನನ್ನು ಹಾಸಿಗೆಗೆ ಅದುಮಿದ್ದಾಳೆ. ಅವನ ಮುಷ್ಟಿ ಅವಳ ಗದ್ದದತ್ತ ಏಳುತ್ತದೆ. ಮೂವರ ತೋಳುಗಳ ಹೆಣಿಗೆಯಿಂದ ಕಣ್ಣು ಆಚೀಚೆ ಸರಿಯದಂತೆ ಹಿಂದಿನ ಕತ್ತಲು ತಡೆಯುತ್ತದೆ.

ಗ್ರಂಥದ ಜೂಡಿತ್ ಕತ್ತಿಯೆತ್ತುವ ಮುನ್ನ ಬಲಕ್ಕಾಗಿ ದೇವರನ್ನು ಪ್ರಾರ್ಥಿಸುತ್ತಾಳೆ. ಚಿತ್ರದಲ್ಲಿ ಕಾಣುವ ಬಲ ಇಬ್ಬರು ಹೆಂಗಸರ ತೋಳುಗಳದ್ದು. ಕಲಾವಿದೆಯ ಜೀವನಚರಿತ್ರೆಯೊಂದನ್ನೇ ನೆಚ್ಚಿದ ವಿಮರ್ಶೆ ಈ ಜೊತೆಗಾರಿಕೆಯನ್ನು ಗಮನಿಸದೆ, ಸೇವಕಿಯನ್ನು ಮತ್ತೆ ಹೊರಗೇ ನಿಲ್ಲಿಸುತ್ತದೆ.